ಜನರಲ್ ಮೇಷ್ಟ್ರ ಕೊನೆಯ ಹತ್ತು ನಿಮಿಷ

"ಎರಡು ಪುಟ ಸಾಕು ಮೇಡಂ. ನೀವು ಅವರ ಸ್ಟೂಡೆಂಟೂ ಹೌದು, ಜೊತೆಗೆ ಕೆಲಸ ಮಾಡಿದೋರೂ ಹೌದು. ಅಂಥೋರು ಇನ್ಯಾರೂ ಸಿಗ್ತಿಲ್ಲ."

ಹೋದ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಕೂತು ಮುನಿರಾಜು ಹೀಗೆ ಕೇಳಿದರು. ಅವರು ನರಸಾಪುರದ ಹೈಸ್ಕೂಲಿನಲ್ಲಿ ಮೇಷ್ಟ್ರು, ಕೋಲಾರದ ಕಾಲೇಜಿನಲ್ಲಿ ನನ್ನ ಜೊತೆ ಓದಿದವರು. ನಮ್ಮಿಬ್ಬರಿಗೂ ಪಾಠ ಹೇಳಿದ ಮೇಷ್ಟ್ರೊಬ್ಬರು ಕಳೆದ ತಿಂಗಳು ತೀರಿಕೊಂಡರು. ಅವರ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಪುಟ್ಟ ಪುಸ್ತಕ ತರುತ್ತಾರಂತೆ. ನಾನು ಹೂಂ ಎಂದೆ. ಮುನಿರಾಜು ಕಾಫಿ ಕುಡಿದು ಎದ್ದರು, ಗೇಟಿನ ಹತ್ತಿರ ಹೋಗಿ ತಿರುಗಿ ನಿಂತು, "ಒಳ್ಳೇದನ್ನೇ ಬರೀರಿ" ಎಂದರು.

ಒಳ್ಳೆಯದನ್ನೇ ಬರೆಯುವ ಉದ್ದೇಶ ನನಗಿಲ್ಲ. ಈ ಮನುಷ್ಯನ ಬಗ್ಗೆ ಬರೆಯುವ ದಿನಕ್ಕಾಗಿ ನಾನು ಹತ್ತು ಹನ್ನೆರಡು ವರ್ಷ ಕಾದಿದ್ದೇನೆ. ಪಾತ್ರೆ ತೊಳೆಯುತ್ತಾ, ಬಸ್ಸಿನಲ್ಲಿ ನಿಂತುಕೊಂಡು, ಮನಸ್ಸಿನಲ್ಲೇ ಎಷ್ಟೋ ಸಲ ಬರೆದಿದ್ದೇನೆ. ಪ್ರತಿ ಸಲವೂ ಅವರು ಇನ್ನಷ್ಟು ಕೆಟ್ಟವರಾಗಿ, ನಾನು ಇನ್ನಷ್ಟು ಪಾಪದವಳಾಗಿ ಬರುತ್ತಿದ್ದೆವು. ಅದಕ್ಕೇ ಈಗ ಹಳೆಯ ಡೈರಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೇನೆ. ಮುಳಬಾಗಿಲಿನ ಗೊಬ್ಬರದ ಅಂಗಡಿಯವರು ಪ್ರತಿ ವರ್ಷ ಅಪ್ಪನಿಗೆ ಕೊಡುತ್ತಿದ್ದ, ಅಪ್ಪ ಹಾಗೆಯೇ ನನಗೆ ದಾಟಿಸುತ್ತಿದ್ದ ಡೈರಿಗಳು ಅವು. ನನ್ನ ನೆನಪಿಗಿಂತ ಅವಕ್ಕೆ ನಿಯತ್ತು ಜಾಸ್ತಿ.

ಹುಡುಗರು ಅವರನ್ನು ಜನರಲ್ ಮೇಷ್ಟ್ರು ಎನ್ನುತ್ತಿದ್ದರು. ಅವರು ಕಾರಿಡಾರಿನಲ್ಲಿ ಹಾದುಹೋದರೆ ಹಿಂದಿನಿಂದ ಒಬ್ಬ ಸೆಲ್ಯೂಟ್ ಹೊಡೆಯುತ್ತಿದ್ದ. ಆಗ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮೂರಕ್ಕೂ ಸೇರಿ ಸಾಮಾನ್ಯ ಶಿಕ್ಷಣ ಅಂತ ಒಂದು ಪೇಪರ್ ಇತ್ತು. ಪಾಸಾದರೆ ಸಾಕು, ಅದರ ಅಂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ವಿಜ್ಞಾನ ಓದುವವರಿಗೆ ಸಮಾಜ ಗೊತ್ತಿರಬೇಕು, ಚರಿತ್ರೆ ಓದುವವರಿಗೆ ವಿಜ್ಞಾನ ಗೊತ್ತಿರಬೇಕು ಎಂದು ಯಾರೋ ದೊಡ್ಡವರು ಯೋಚಿಸಿ ಇಟ್ಟದ್ದು. "ಅದು ಊಟದ ಎಲೆಯಲ್ಲಿ ಉಪ್ಪು ಇದ್ದ ಹಾಗೆ ಕಣಮ್ಮಾ, ಅದನ್ನೇ ಯಾರೂ ತಿನ್ನಲ್ಲ," ಎಂದು ನಮ್ಮ ಫಿಸಿಕ್ಸ್ ಮೇಷ್ಟ್ರು ನಗುತ್ತಿದ್ದರು. ಬುಧವಾರ, ಶನಿವಾರ ಮೂರರಿಂದ ನಾಲ್ಕು ಗಂಟೆ, ಹೆಂಚಿನ ದೊಡ್ಡ ಹಾಲಿನಲ್ಲಿ ಮೂರೂ ಕ್ಲಾಸಿನವರು ಒಟ್ಟಿಗೆ. ದಿನದ ಕೊನೆಯ ಗಂಟೆ, ಬೇರೆ ಯಾರಿಗೂ ಬೇಡವಾದ ಗಂಟೆ.

ಜನರಲ್ ಮೇಷ್ಟ್ರು ಮಾಲೂರಿನ ಕಡೆಯವರು. ಗಿಡ್ಡ ಆಳು, ಬೇಸಿಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಕನ್ನಡಕ ಯಾವಾಗಲೂ ಹಣೆಯ ಮೇಲೆ, ಓದುವಾಗ ಮಾತ್ರ ಕೆಳಗೆ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಆ ಚೀಲದಲ್ಲಿ ಪುಸ್ತಕ ಇದ್ದದ್ದನ್ನು ನಾನು ಕಾಣೆ. ಪ್ರತಿ ಕ್ಲಾಸಿಗೂ ಅದರಿಂದ ಒಂದು ವಸ್ತು ಹೊರಗೆ ಬರುತ್ತಿತ್ತು. ಒಂದು ದಿನ ಮಾಲೂರಿನ ಹೆಂಚು. ಇನ್ನೊಂದು ದಿನ ತುಕ್ಕು ಹಿಡಿದ ಬೀಗ. ಹುಣಸೆಹಣ್ಣಿನ ಉಂಡೆ. ಕುದುರೆಯ ಲಾಳ. ಒಡೆದ ಬಳೆ.

ಅವರು ಹಾಜರಿ ಕೂಗುತ್ತಿರಲಿಲ್ಲ. ಆ ವಸ್ತು ಹಿಂದಿನ ಬೆಂಚಿನಿಂದ ಹೊರಟು, ಕೈಯಿಂದ ಕೈಗೆ ದಾಟುತ್ತಾ ಮುಂದಕ್ಕೆ ಬರಬೇಕು. ನಿಮ್ಮ ಕೈಗೆ ಬಂದಾಗ ಅದರ ಬಗ್ಗೆ ಒಂದೇ ಒಂದು ವಾಕ್ಯ ಹೇಳಬೇಕು, ಬೇರೆಯವರು ಹೇಳಿದ್ದನ್ನು ಹೇಳಬಾರದು. ಹೇಳಿದರೆ ಅವರು ಹಾಜರಿ ಪುಸ್ತಕದಲ್ಲಿ ಒಂದು ಗುರುತು ಹಾಕಿ, "ಮುಂದಕ್ಕೆ ಕೊಡಿ" ಎನ್ನುತ್ತಿದ್ದರು. ಚೆನ್ನಾಗಿ ಹೇಳಿದರೂ ಅಷ್ಟೇ, ತೊದಲಿದರೂ ಅಷ್ಟೇ. ಆ ಗುರುತೇ ಹಾಜರಿ.

"ಇದು ನಮ್ಮ ಸಬ್ಜೆಕ್ಟ್ ಅಲ್ಲ ಸಾರ್," ಎಂದು ಬಿ.ಕಾಂ.ನ ಒಬ್ಬ ಒಂದು ಸಲ ಬೀಗ ಹಿಡಿದು ಹೇಳಿದ.

"ನಿಮ್ಮ ಮನೆಗೆ ಬಾಗಿಲಿದೆಯೇನ್ರೀ?"

"ಇದೆ ಸಾರ್."

"ಹಾಗಾದರೆ ನಿಮ್ಮ ಸಬ್ಜೆಕ್ಟೇ. ಯಾರಿಗೆ ಹೆದರಿ ಬೀಗ ಹಾಕ್ತೀರಿ, ಹೇಳಿ."

ಅವನು ಸ್ವಲ್ಪ ಯೋಚಿಸಿ, "ನಮ್ಮ ದೊಡ್ಡಪ್ಪನಿಗೆ ಸಾರ್" ಎಂದ. ಹಾಲಿನ ಹೆಂಚು ಹಾರಿಹೋಗುವ ಹಾಗೆ ನಗು. ಮೇಷ್ಟ್ರು ಮಾತ್ರ ನಗದೆ ಗುರುತು ಹಾಕಿ, "ಮುಂದಕ್ಕೆ ಕೊಡಿ" ಎಂದರು. ಇದು ಡೈರಿಯಲ್ಲಿದೆ. ನಾನೂ ನಕ್ಕೆ ಎಂದೂ ಇದೆ. ಈಗ ಓದಿದರೆ ಆ ನಗು ನನ್ನದಲ್ಲ ಅನ್ನಿಸುತ್ತದೆ.

ತೊಂಬತ್ತು ಜನರ ಕ್ಲಾಸಿನಲ್ಲಿ ನಾವು ನಾಲ್ಕು ಹುಡುಗಿಯರು. ನಮ್ಮ ಬೆಂಚು ಎಲ್ಲರಿಗಿಂತ ಮುಂದೆ, ಬಾಗಿಲ ಪಕ್ಕದಲ್ಲಿ. ಆ ಬೆಂಚಿನ ಕೊನೆಯಲ್ಲಿ ನಾನು. ಅಂದರೆ ಆ ವಸ್ತು ಹಾಲನ್ನೆಲ್ಲ ಸುತ್ತಿ ಕಡೆಗೆ ಸೇರಬೇಕಾದದ್ದು ನನ್ನ ಕೈಗೆ. ಅಷ್ಟರಲ್ಲಿ ನಾಲ್ಕು ಗಂಟೆ.

ಉಳಿದ ಮೂವರ ಮನೆ ಕೋಲಾರದಲ್ಲೇ. ನನ್ನದು ದೇವರಾಯಸಮುದ್ರದ ಹತ್ತಿರ ಬಸ್ಸಿಳಿದು, ಕೆರೆ ಏರಿಯ ಮೇಲೆ ಎರಡು ಮೈಲಿ ನಡೆಯಬೇಕಾದ ಹಳ್ಳಿ. ಹಿಪ್ಪುನೇರಳೆ, ರಾಗಿ, ಮನೆಯ ತುಂಬ ರೇಷ್ಮೆ ಹುಳು. ನಮ್ಮ ಊರಿನಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಅಪ್ಪ ಕಳಿಸುವಾಗ ಒಂದೇ ಮಾತು ಹೇಳಿದ್ದ. "ದೀಪ ಹಚ್ಚೋ ಹೊತ್ತಿಗೆ ನೀನು ಮನೆ ಒಳಗಿರ್ಬೇಕು. ಒಂದು ದಿನ ತಪ್ಪಿದ್ರೂ ಅವತ್ತಿಗೆ ಮುಗೀತು ಕಾಲೇಜು." ಮುಳಬಾಗಿಲಿನ ಬಸ್ಸು ನಾಲ್ಕಕ್ಕೆ. ಅದು ಬಿಟ್ಟರೆ ಆರೂವರೆಯ ನಂಗಲಿ ಬಸ್ಸು. ಕಾಲೇಜಿನಿಂದ ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷದ ನಡಿಗೆ. ಹಾಗಾಗಿ ಬುಧವಾರ, ಶನಿವಾರ ಮೂರು ಐವತ್ತಕ್ಕೆ ನಾನು ಎದ್ದು ತಲೆ ಬಗ್ಗಿಸಿ ಹೊರಗೆ ಹೋಗುತ್ತಿದ್ದೆ. ವಸ್ತು ಬೇಗ ಸುತ್ತಿ ಬಂದ ಕೆಲವು ದಿನ ಮಾತ್ರ ನನಗೆ ಗುರುತು ಬೀಳುತ್ತಿತ್ತು. ಅದೇ ಬಸ್ಸಿನ ಹುಡುಗರಿಗೆ ಈ ಕಷ್ಟ ಇರಲಿಲ್ಲ. ಅವರು ತಮ್ಮ ಸರದಿ ಮುಗಿಸಿ, ಸೈಕಲ್ ಸ್ಟ್ಯಾಂಡಿನ ಕಡೆಯಿಂದ ಆಗಲೇ ಜಾರಿಕೊಂಡಿರುತ್ತಿದ್ದರು.

ರೇಷ್ಮೆ ಗೂಡು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ, ಡೈರಿಯೂ ಹೌದು ಎನ್ನುತ್ತದೆ. ಎಲ್ಲರೂ ಅದನ್ನು ಹುಳುವಿನ ಮನೆ, ಹುಳುವಿನ ಜೈಲು, ಸೀರೆಯ ಬೀಜ ಎಂದೆಲ್ಲ ಹೇಳುತ್ತಿದ್ದರು. ಒಬ್ಬನಿಗೂ ಗೊತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳು ಲೊಟಲೊಟ ಎನ್ನುತ್ತದೆ, ಮಾರುವ ಮೊದಲು ನಮ್ಮ ಮನೆಯಲ್ಲಿ ಹಾಗೇ ನೋಡುತ್ತೇವೆ ಎಂಬ ವಾಕ್ಯವನ್ನು ನಾನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದೆ. ಮೂರು ಐವತ್ತಕ್ಕೆ ಗೂಡು ಹುಡುಗರ ಮೂರನೆಯ ಬೆಂಚಿನಲ್ಲಿತ್ತು. ಎದ್ದು ಹೊರಟೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಮಾರನೆಯ ವಾರ ಧೈರ್ಯ ಮಾಡಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೆ.

"ಸಾರ್, ಹುಡುಗೀರ ಬೆಂಚಿಂದ ಶುರು ಮಾಡಿದ್ರೆ ನಂಗೆ ನಾಲ್ಕು ಗಂಟೆ ಬಸ್ಸು ಸಿಗುತ್ತೆ."

"ಆಗಲ್ಲಮ್ಮ. ಅದು ಹಿಂದಿನಿಂದಾನೇ ಬರ್ಬೇಕು."

"ಯಾಕೆ ಸಾರ್?"

"ಯಾಕೆ ಅಂತ ನೀವೇ ಯೋಚನೆ ಮಾಡಿ."

ಫಿಸಿಕ್ಸ್ ಮೇಷ್ಟ್ರು ಪೇಪರಿನಿಂದ ತಲೆ ಎತ್ತಿ, "ಸುಮ್ನೆ ಹಾಜರಿ ಕೂಗಿಬಿಡ್ರೀ, ಪಾಪ, ಹೆಣ್ಣುಡ್ಗಿ" ಎಂದರು. ಅದಕ್ಕೆ ಜನರಲ್ ಮೇಷ್ಟ್ರು ಏನೋ ಹೇಳಿದರು. "ಓದಲಿಕ್ಕೆ ಬಂದವರು ಬಸ್ಸನ್ನು ಕಾಯಿಸುತ್ತಾರೆ, ಬಸ್ಸಿಗೆಂದು ಬಂದವರು ಓದನ್ನು ಕಾಯಿಸುತ್ತಾರೆ" ಎಂದರು ಅಂತ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಎಂ.ಎಸ್ಸಿ. ಹಾಸ್ಟೆಲಿನಲ್ಲಿ ಹೇಳಿದ್ದೇನೆ, ನನ್ನ ಗಂಡನಿಗೆ ಹೇಳಿದ್ದೇನೆ. ಈಗ ಡೈರಿ ತೆಗೆದು ನೋಡಿದರೆ, "ಜ. ಮೇ. ಆಗಲ್ಲ ಅಂದರು" ಎಂದಷ್ಟೇ ಇದೆ. ಅಷ್ಟು ಚೆನ್ನಾಗಿ ತೂಗಿ ಯಾರೂ ಸ್ಟಾಫ್ ರೂಮಿನಲ್ಲಿ ಮಾತಾಡುವುದಿಲ್ಲ. ಆ ವಾಕ್ಯವನ್ನು ಬಹುಶಃ ನಾನೇ ಬರೆದು ಅವರ ಬಾಯಿಗೆ ಇಟ್ಟಿದ್ದೇನೆ. ಹಾಗಾಗಿ ಅದನ್ನು ಇಲ್ಲಿ ಹೊಡೆದುಹಾಕುತ್ತೇನೆ. ಅವರ ಮೇಲೆ ಹೊರಿಸಲು ನನ್ನ ಬಳಿ ನಿಜವಾದದ್ದೇ ಇದೆ.

ಮಾರ್ಚ್ ತಿಂಗಳಲ್ಲಿ ಕಾಲೇಜಿನಿಂದ ಮನೆಗೆ ಒಂದು ಕಾಗದ ಬಂತು. ಅಚ್ಚು ಹಾಕಿದ ಇಂಗ್ಲಿಷ್ ಕಾಗದ, ನನ್ನ ಹೆಸರು ಮಾತ್ರ ಕೈಯಲ್ಲಿ ಬರೆದದ್ದು. ನಿಮ್ಮ ಮಗಳು ತರಗತಿಗಳಿಗೆ ಗೈರುಹಾಜರಾಗಿರುವುದರಿಂದ ಈ ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದು. ಯಾವ ಪೇಪರ್, ಎಷ್ಟು ಕ್ಲಾಸು, ಒಂದೂ ಅದರಲ್ಲಿಲ್ಲ. ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ಮೂರರಲ್ಲೂ ನನ್ನ ಹಾಜರಿ ತುಂಬಿತ್ತು. ಕಡಿಮೆ ಬಿದ್ದದ್ದು ಆ ಉಪ್ಪಿನ ಪೇಪರಿನಲ್ಲಿ. ನಾನು ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬರುವ ಹೊತ್ತಿಗೆ ಪೋಸ್ಟಿನವನು ಅದನ್ನು ಊರ ಸ್ಕೂಲಿನ ಮೇಷ್ಟ್ರ ಕೈಲಿ ಓದಿಸಿ ಆಗಿತ್ತು. ನಮ್ಮ ಕಡೆ ಅರ್ಧ ಮಾತು ತೆಲುಗಿನಲ್ಲೇ ನಡೆಯುವುದು. ಬಾವಿಯ ಹತ್ತಿರ ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. "ಬಸ್ಸೆಕ್ಕಿಂದಂಟ, ಕಾಲೇಜಿಕಿ ಪೋಲೇದಂಟ. ಇಂಕ ಯಾಡಿಕಿ ಪೋತಾ ಉನ್ನಿಂದೋ!" ಬಸ್ಸು ಹತ್ತಿದಳಂತೆ, ಕಾಲೇಜಿಗೆ ಹೋಗಲಿಲ್ಲವಂತೆ, ಮತ್ತೆ ಎಲ್ಲಿಗೆ ಹೋಗುತ್ತಿದ್ದಳೋ.

ಅಪ್ಪ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಂಕಿಯಿಂದ ಗೂಡು ಬಿಡಿಸುತ್ತಾ ಕೂತಿದ್ದ. ತಲೆ ಎತ್ತದೆ ಕೇಳಿದ.

"ಎಲ್ಲಿಗೆ ಹೋಗ್ತಿದ್ದೆ?"

"ಕ್ಲಾಸಿಗೇ ಅಪ್ಪಾ. ನೀನು ಹೇಳಿದ ಬಸ್ಸಿಗೆ ಬರೋಕೆ ಹತ್ತು ನಿಮಿಷ ಮುಂಚೆ ಏಳ್ತಿದ್ದೆ."

"ಹತ್ತು ನಿಮಿಷಕ್ಕೆ ಕಾಲೇಜೋರು ಕಾಗದ ಬರೀತಾರಾ?"

ಅಚ್ಚಾದ ಕಾಗದದ ಮುಂದೆ ನನ್ನ ಮಾತು ನಿಲ್ಲಲಿಲ್ಲ. ಆದರೂ ಅಪ್ಪ ನನಗೆ ಒಂದು ಅವಕಾಶ ಕೊಟ್ಟ. ಮಾರನೆಯ ದಿನ ಒಗೆದ ಪಂಚೆ ಉಟ್ಟು, ನನ್ನನ್ನು ಕರೆದುಕೊಂಡು ಕೋಲಾರಕ್ಕೆ ಬಂದ. ಜನರಲ್ ಮೇಷ್ಟ್ರು ಹಾಲಿನ ಹೊರಗೆ ಬೇವಿನ ಮರದ ಕೆಳಗೆ ಸಿಕ್ಕಿದರು. ಅಪ್ಪ ತಲೆಗೆ ಸುತ್ತಿದ್ದ ಟವಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ. ಅವನಿಗೆ ಬೇಕಾದದ್ದು ಬೇರೆ.

"ಸಾಮೀ, ನಮ್ಮ ಹುಡುಗಿ ನಿಮ್ಮ ಕ್ಲಾಸಲ್ಲಿ ಇದ್ಲಾ? ಅಷ್ಟು ಹೇಳಿ ಸಾಕು."

ಇದ್ದಳು ಎಂದರೆ ಮುಗಿಯುತ್ತಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಹೋಟೆಲಿನಲ್ಲಿ ದೋಸೆ ಕೊಡಿಸಿ, ಬಸ್ಸು ಹತ್ತಿಸಿ, ಊರ ಬಾವಿಯ ಮುಂದೆ ತಲೆ ಎತ್ತಿಕೊಂಡು ನಡೆಯುತ್ತಿದ್ದ. ವರ್ಷ ಹೋದರೆ ಹೋಗಲಿ ಎನ್ನುತ್ತಿದ್ದ. ಮೇಷ್ಟ್ರು ಕನ್ನಡಕವನ್ನು ಹಣೆಯಿಂದ ಇಳಿಸಿ, ಪುಸ್ತಕ ತೆಗೆದು, ನನ್ನ ಹೆಸರಿನ ಸಾಲಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು.

"ಇರೋದು ಬೇರೆ ಯಜಮಾನ್ರೇ, ಮುಟ್ಟೋದು ಬೇರೆ. ವಸ್ತು ಇವರ ಕೈಗೆ ಬಂದ ದಿನ ಇವರು ಇದ್ದರು. ಮಿಕ್ಕ ದಿನ ನನ್ನ ಪುಸ್ತಕದಲ್ಲಿ ಇವರಿಲ್ಲ."

ಇದು ಡೈರಿಯಲ್ಲಿ ಅಕ್ಷರ ಅಕ್ಷರ ಇದೆ. ಆ ದಿನ ಬಸ್ಸಿನಲ್ಲೇ ಬರೆದೆ, ಅಕ್ಷರಗಳು ಕುಣಿದಿವೆ. ಅಪ್ಪನಿಗೆ ಕೇಳಿಸಿದ್ದು "ಇವರಿಲ್ಲ" ಒಂದೇ. ಕೈ ಮುಗಿದು, ಟವಲನ್ನು ಮತ್ತೆ ತಲೆಗೆ ಸುತ್ತದೆ ಹೆಗಲ ಮೇಲೆ ಹಾಕಿಕೊಂಡು ನಡೆದ. ದಾರಿಯಲ್ಲಾಗಲಿ ಆಮೇಲಾಗಲಿ ಆ ವಿಷಯ ಎತ್ತಲಿಲ್ಲ, ಗದರಲಿಲ್ಲ, ಹೊಡೆಯಲಿಲ್ಲ. ಡೈರಿ ಕೊಡುವುದನ್ನು ನಿಲ್ಲಿಸಿದ. ಮುಂದಿನ ವರ್ಷದ ಡೈರಿಯನ್ನು ಅಮ್ಮ ಅಟ್ಟದ ಮೇಲಿಂದ ಕದ್ದು ತಂದುಕೊಟ್ಟಳು.

ಹತ್ತು ತಿಂಗಳು ಹುಳುಗಳಿಗೆ ಸೊಪ್ಪು ಹಾಕುತ್ತಾ ಮನೆಯಲ್ಲಿ ಕೂತೆ. ಆ ಜನವರಿಯಲ್ಲಿ ಅಪ್ಪ ಎದೆನೋವೆಂದು ಮಲಗಿದವನು ಏಳಲಿಲ್ಲ. ಕೊನೆಯವರೆಗೂ ಅವನು ನನ್ನನ್ನು ನಂಬಿದ್ದನೇ, ಇಲ್ಲವೇ? ಅಮ್ಮ, "ನಂಬಿದ್ದ ಕಣೇ, ಹೇಳ್ಕೊಳ್ಳೋಕೆ ಬರ್ಲಿಲ್ಲ ಅಷ್ಟೇ" ಎನ್ನುತ್ತಾಳೆ. ಅಮ್ಮ ಹಾಗನ್ನದೆ ಇನ್ನೇನು ಅನ್ನುತ್ತಾಳೆ? ನಾನು ಕೇಳಿದಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಾಳೆ.

ಜೂನ್‌ನಲ್ಲಿ ಅಮ್ಮ ನನ್ನನ್ನು ಕೋಲಾರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಳು. ಈಗ ನಾಲ್ಕರ ಬಸ್ಸು ಹಿಡಿಯಬೇಕಿರಲಿಲ್ಲ. ಜನರಲ್ ಮೇಷ್ಟ್ರ ಕ್ಲಾಸಿನಲ್ಲಿ ಕೊನೆಯ ಹತ್ತು ನಿಮಿಷ ಕೂರುವುದಕ್ಕೆ ನನ್ನ ಅಪ್ಪ ಸಾಯಬೇಕಾಯಿತು. ಆ ವರ್ಷ ಎಲ್ಲ ವಸ್ತುಗಳೂ ನನ್ನ ಕೈಗೆ ಬಂದವು. ಪ್ರತಿ ಸಲ ಒಂದು ವಾಕ್ಯ ಹೇಳಿದೆ. ಪ್ರತಿ ಸಲ ಅವರು "ಮುಂದಕ್ಕೆ ಕೊಡಿ" ಎಂದರು. ನನ್ನ ಮುಂದೆ ಯಾರೂ ಇರಲಿಲ್ಲ. ಎದ್ದು ಹೋಗಿ ಅವರ ಮೇಜಿನ ಮೇಲೆ ಇಟ್ಟು ಬರುತ್ತಿದ್ದೆ. ಅವರು ನನ್ನ ಮುಖ ನೋಡಿದ ನೆನಪಿಲ್ಲ. ನಾನೂ ನೋಡಿರಲಾರೆ.

ಎಂ.ಎಸ್ಸಿ. ಮುಗಿಸಿ ಎಂಬತ್ತರ ಸುಮಾರಿಗೆ ಅದೇ ಕಾಲೇಜಿಗೆ ಕೆಮಿಸ್ಟ್ರಿ ಲೆಕ್ಚರರ್ ಆಗಿ ಬಂದೆ. ಮೊದಲ ದಿನ ಜನರಲ್ ಮೇಷ್ಟ್ರು ಎದ್ದು ನಿಂತು, ಕಿಟಕಿಯ ಪಕ್ಕದ ಕುರ್ಚಿಯನ್ನು ತೋರಿಸಿ, "ಇಲ್ಲಿ ಗಾಳಿ ಬರುತ್ತೆ, ಕೂತ್ಕೊಳ್ಳಿ" ಎಂದರು. ಹಳೆಯ ವಿದ್ಯಾರ್ಥಿನಿ ಎಂದು ಗುರುತಿಸಿದರು. ಅಪ್ಪನ ವಿಷಯ ನೆನಪಿತ್ತೇ? ಕೇಳಲಿಲ್ಲ. ನೆನಪಿಲ್ಲ ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಆ ಕುರ್ಚಿಯಲ್ಲಿ ನಾಲ್ಕು ವರ್ಷ ಕೂತೆ, ಅವರ ಜೊತೆ ಕಾಫಿ ಕುಡಿದೆ, ಕಾದೆ.

ಆಮೇಲೆ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಸಾಮಾನ್ಯ ಶಿಕ್ಷಣವನ್ನು ಇಟ್ಟುಕೊಳ್ಳಬಹುದು, ಅಥವಾ ಆ ಎರಡು ಗಂಟೆಗಳನ್ನು ಮುಖ್ಯ ವಿಷಯಗಳಿಗೆ ಕೊಡಬಹುದು, ಕಾಲೇಜಿನ ಇಷ್ಟ. ಪ್ರಿನ್ಸಿಪಾಲರು ಸಭೆ ಕರೆದು, ವಿಜ್ಞಾನದವರ ಪರವಾಗಿ ಮಾತಾಡಲು ನನಗೆ ಹೇಳಿದರು. ನಾನೇ ಕೇಳಿ ತೆಗೆದುಕೊಂಡೆ ಎಂದರೆ ಹೆಚ್ಚು ಸರಿ. ಒಂದು ವಾರ ಕೂತು ತಯಾರಾಗಿ, ಸಭೆಯಲ್ಲಿ ಹೇಳಿದೆ. ಈ ಪೇಪರಿಗೆ ಪಠ್ಯಪುಸ್ತಕವಿಲ್ಲ, ಹುಡುಗರು ಪರೀಕ್ಷೆಯ ಹಿಂದಿನ ದಿನ ಗೈಡ್ ಓದಿ ಪಾಸಾಗುತ್ತಾರೆ, ಹಾಜರಿಯ ತಕರಾರು ಎಲ್ಲಕ್ಕಿಂತ ಇದರಲ್ಲೇ ಜಾಸ್ತಿ. ಇದೆಲ್ಲ ನಿಜವೇ. ನಿಜವಾದದ್ದನ್ನೇ ಹೇಳಿ ಒಬ್ಬರನ್ನು ಮುಗಿಸಬಹುದು ಎಂದು ಬೇವಿನ ಮರದ ಕೆಳಗೆ ಅವರಿಂದಲೇ ಕಲಿತಿದ್ದೆ.

ಜನರಲ್ ಮೇಷ್ಟ್ರು ತಮ್ಮ ಸರದಿ ಬಂದಾಗ ಮಾತಾಡಲಿಲ್ಲ. ಚೀಲದಿಂದ ಒಂದು ಹೆಂಚು ತೆಗೆದು, ಎದ್ದು ಹೋಗಿ, ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಕೈಗೆ ಕೊಟ್ಟರು.

"ಒಂದು ಮಾತು ಹೇಳಿ ಮುಂದಕ್ಕೆ ಕೊಡಪ್ಪ."

ಆತ ತಬ್ಬಿಬ್ಬಾಗಿ, "ಇದು ಒಡೆದ್ರೆ ನನ್ ಮನೆ ಸೋರ್ತದೆ ಸಾ" ಎಂದ. ಎಲ್ಲರೂ ನಕ್ಕರು. ಹೆಂಚು ಹಿಂದಿನ ಕುರ್ಚಿಯಿಂದ ಹೊರಟಿತು. ಇತಿಹಾಸದವರು ಏನೋ ಹೇಳಿದರು, ಅರ್ಥಶಾಸ್ತ್ರದವರು ಏನೋ ಹೇಳಿದರು. ಮೇಷ್ಟ್ರು ನಡುನಡುವೆ ಕೇಳುತ್ತಿದ್ದರು. "ಇದರ ಮಣ್ಣು ಯಾವ ಕೆರೆಯದು? ಸುಡಲಿಕ್ಕೆ ಸೌದೆ ಎಲ್ಲಿಂದ? ತುಳಿದವರು ಯಾರು? ಅವರ ಮನೆ ಮೇಲೆ ಹೆಂಚಿದೆಯಾ, ಹುಲ್ಲಿದೆಯಾ? ಕೆಮಿಸ್ಟ್ರಿಯಲ್ಲಿ ಇದು ಪಾಠ ಅಲ್ಲ, ಹಿಸ್ಟರಿಯಲ್ಲೂ ಅಲ್ಲ. ಇದನ್ನ ಕೇಳೋಕೆ ವಾರದಲ್ಲಿ ಎರಡು ಗಂಟೆ ಬೇಡವಾ?" ಈಗ ಬರೆಯುವಾಗ ಒಪ್ಪಿಕೊಳ್ಳಬೇಕು, ಆ ಕೋಣೆಯಲ್ಲಿ ಆ ದಿನ ಅವರು ಹೇಳಿದ್ದೇ ಸರಿಯಾಗಿತ್ತು. ಕೆಲವರು ತಲೆದೂಗಿದರು.

ಹೆಂಚು ಫಿಸಿಕ್ಸ್ ಮೇಷ್ಟ್ರ ಕೈಗೆ ಬಂತು. ಅವರ ಪಕ್ಕದಲ್ಲಿ ಕೊನೆಯವಳು ನಾನು. ಅವರು ನನ್ನ ಕಡೆ ಚಾಚಿದರು.

ನಾನು ಕೈ ಮುಂದೆ ಮಾಡಲಿಲ್ಲ. ಗೋಡೆಯ ಗಡಿಯಾರದ ಕಡೆ ನೋಡಿದೆ.

"ಟೈಮ್ ಆಯ್ತು ಸಾರ್. ಓಟಿಗೆ ಹಾಕೋಣ. ಈ ಪೇಪರ್ ನಮ್ಮ ಟೈಮ್‌ಟೇಬಲಿನಲ್ಲಿ ಇದೆ, ಒಪ್ಪಿದೆ. ಇರೋದು ಬೇರೆ, ಮುಟ್ಟೋದು ಬೇರೆ ಅಂತ ತಾವೇ ಹೇಳ್ತಿದ್ರಿ."

ಮೇಷ್ಟ್ರು ಕನ್ನಡಕವನ್ನು ಹಣೆಯಿಂದ ಇಳಿಸಿ ನನ್ನನ್ನು ನೋಡಿದರು. ಓದುವಾಗ ಮಾತ್ರ ಇಳಿಸುತ್ತಿದ್ದ ಕನ್ನಡಕ. ಏನು ಓದಿದರೋ ತಿಳಿಯದು. ಫಿಸಿಕ್ಸ್ ಮೇಷ್ಟ್ರು ಹೆಂಚನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. ಕೈಗಳು ಎದ್ದವು. ಪೇಪರ್ ಹೋಯಿತು. ಎರಡರಲ್ಲಿ ಒಂದು ಗಂಟೆ ಕೆಮಿಸ್ಟ್ರಿಗೆ ಬಂತು. ಹೇಳಿಕೊಡಲು ಗಂಟೆಗಳಿಲ್ಲದ ಮೇಷ್ಟ್ರನ್ನು ಮುಂದಿನ ಜೂನ್‌ನಲ್ಲಿ ಶ್ರೀನಿವಾಸಪುರಕ್ಕೆ ವರ್ಗ ಮಾಡಿದರು.

ಬೀಳ್ಕೊಡುಗೆಯ ದಿನ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಕೈಯಲ್ಲಿ ಖಾರಾಬಾತಿನ ತಟ್ಟೆ ಹಿಡಿದು ಮುನಿರಾಜು ನನ್ನ ಹತ್ತಿರ ನಿಂತರು.

"ಮೇಡಂ, ವಸ್ತು ಹಿಂದಿನ ಬೆಂಚಿಂದಾನೇ ಯಾಕೆ ಹೊರಡ್ತಿತ್ತು ಗೊತ್ತಾ?"

"ಅವರ ಹಟ."

"ಹಟಾನೇ, ಆದ್ರೆ ಯಾಕೆ? ಹಿಂದಿನ ಎರಡು ಬೆಂಚು ಹಾಸ್ಟೆಲ್ ಹುಡುಗ್ರದ್ದು, ನಮ್ಮದು. ಊರಾಚೆ ಕೇರಿಯೋರ್ದು. ನಾವು ಹಿಡಿದಿದ್ದನ್ನ ಮುಂದಿನೋರು ಹಿಡೀಬೇಕಿತ್ತು, ವಾರಕ್ಕೆರಡು ಸಲ. ಹಿಡೀದೆ ಹೆಂಗಿರ್ತಾರೆ, ಹಾಜರಿ ಬೇಕಲ್ಲ!" ಮುನಿರಾಜು ಬಾಯ್ತುಂಬ ನಕ್ಕರು. "ಮೊದಮೊದಲು ಒಬ್ಬ ನೋಟ್‌ಬುಕ್ ಒಡ್ಡಿ ಅದರ ಮೇಲೆ ಇಡಿಸ್ಕೊಂಡ. ಮೇಷ್ಟ್ರು, 'ಹಾಜರಿ ನಿಮ್ಮ ನೋಟ್‌ಬುಕ್ಕಿಗೆ ಹಾಕ್ಲೇನ್ರೀ?' ಅಂದ್ರು ನೋಡಿ, ಅವತ್ತಿಂದ ಎಲ್ರೂ ಕೈ ಚಾಚಿದ್ರು."

ಅವರು ತಟ್ಟೆಯ ಕಡೆ ನೋಡುತ್ತಾ ಮೆಲ್ಲಗೆ ಸೇರಿಸಿದರು.

"ನೀವು ಮಾತ್ರ ದಾವಣಿ ಸೆರಗಲ್ಲಿ ಹಿಡ್ಕೋತಿದ್ರಿ. ಹಿಂದಿನಿಂದ ಕಾಣೋದು ನಮಗೆ."

"ನಾನಾ?"

"ಬಿಡಿ ಮೇಡಂ, ಯಾವ ಕಾಲದ್ದೋ."

ನನಗೆ ನೆನಪಿಲ್ಲ. ಡೈರಿಯಲ್ಲೂ ಇಲ್ಲ. ಲ್ಯಾಬಿನಲ್ಲಿ ಬಿಸಿ ಪಾತ್ರೆ ಹಿಡಿದು ಹಿಡಿದು ಬಂದ ಅಭ್ಯಾಸ ಇರಬಹುದು ಎಂದು ಆಗ ಅನ್ನಿಸಿತು. ಬಿಸಿಯಿಲ್ಲದ ಬೀಗವನ್ನು, ಲಾಳವನ್ನು ಸೆರಗಿನಲ್ಲಿ ಏಕೆ ಹಿಡಿಯುತ್ತಾರೆ? ನನಗಾದ ಅನ್ಯಾಯಗಳನ್ನು ತಾರೀಖು ಹಾಕಿ ಬರೆದಿಟ್ಟ ಹುಡುಗಿ ಇದೊಂದನ್ನು ಬರೆಯಲಿಲ್ಲ. ಮುನಿರಾಜು ಸುಳ್ಳು ಹೇಳುವವರಲ್ಲ.

ಹಾಗಾದರೆ ಮೇಷ್ಟ್ರನ್ನು ಕ್ಷಮಿಸಿದೆನೇ? ಇಲ್ಲ. ಹಿಂದಿನ ಬೆಂಚಿಗೆ ನ್ಯಾಯ ಕೊಡಲು ಅವರು ಮಾಡಿದ ದಾರಿಯಲ್ಲಿ ಕೊನೆಯ ಕೈ ನನ್ನದಾಗಿತ್ತು. ಆ ಕೈ ಯಾವ ಬಸ್ಸು ಹಿಡಿಯಬೇಕು ಎಂದು ಅವರು ನೋಡಲಿಲ್ಲ. ಹೆಂಚನ್ನು ನೋಡಿ ಅಷ್ಟೊಂದು ಪ್ರಶ್ನೆ ಕೇಳಿದವರು, ಟವಲು ಕೈಯಲ್ಲಿ ಹಿಡಿದು ನಿಂತ ರೈತ ಏನು ಕೇಳುತ್ತಿದ್ದಾನೆ, ಏಕೆ ಕೇಳುತ್ತಿದ್ದಾನೆ ಎಂದು ಕೇಳಿಕೊಳ್ಳಲಿಲ್ಲ. ಈಗ ನನ್ನ ಲ್ಯಾಬಿನಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಬ್ಯೂರೆಟ್ಟಿದೆ. ಯಾರೂ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಬೇಕಾಗಿಲ್ಲ. ಹಾಜರಿಯನ್ನು ನಾನು ಮೊದಲ ಐದು ನಿಮಿಷದಲ್ಲೇ ಕೂಗಿಬಿಡುತ್ತೇನೆ.

ಕೊನೆಯ ಸಲ ಅವರನ್ನು ಕಂಡದ್ದು ಹೋದ ವರ್ಷ. ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಶ್ರೀನಿವಾಸಪುರಕ್ಕೆ ಹೋಗಿದ್ದೆ. ಮುಗಿಸಿಕೊಂಡು ಬಂದು ಕೋಲಾರದ ಬಸ್ಸಿನಲ್ಲಿ, ಕಂಡಕ್ಟರ್ ಪಕ್ಕದ ಕಿಟಕಿಯ ಬಳಿ ಕೂತೆ. ಡ್ರೈವರ್ ಎಂಜಿನ್ ಶುರು ಮಾಡಿದ್ದ. ಅಷ್ಟರಲ್ಲಿ ಮಾವಿನ ಮಂಡಿಯ ಕಡೆಯಿಂದ ಒಬ್ಬರು ಓಡಿ ಬರುತ್ತಿದ್ದರು. ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಹಣೆಯ ಮೇಲೆ ಕನ್ನಡಕ, ತೊಡೆಗೆ ಬಡಿಯುವ ಬಟ್ಟೆಯ ಚೀಲ. ಅಲ್ಲಿ ಅವರಿಗೆ ಸಾಮಾನ್ಯ ಶಿಕ್ಷಣದ ಪೇಪರ್ ಇರಲಿಲ್ಲ, ಆದರೂ ಚೀಲ ಇತ್ತು. ವಯಸ್ಸಾದವರು ಓಡುವುದನ್ನು ನೋಡುವುದು ಕಷ್ಟ. ಒಂದು ಕೈ ಮೇಲೆತ್ತಿದ್ದರು.

"ಅಮ್ಮಾ, ಯಾರೋ ಮೇಷ್ಟ್ರು ಓಡ್ಬತ್ತಾವ್ರೆ," ಎಂದ ಕಂಡಕ್ಟರ್, ಗಂಟೆಯ ಹಗ್ಗದ ಮೇಲೆ ಕೈಯಿಟ್ಟುಕೊಂಡು. "ನಿಮ್ಮೋರಾ? ನಿಲ್ಸ್‌ಲಾ? ಇದು ಬಿಟ್ರೆ ಇನ್ನು ಎರಡು ಗಂಟೆ ಬಸ್ಸಿಲ್ಲ."

ಹಿಂದಿನ ಬೆಂಚಿನ ವಿಷಯ ಆಗ ನನಗೆ ಗೊತ್ತಿತ್ತು. ಸೆರಗಿನ ವಿಷಯವೂ ಗೊತ್ತಿತ್ತು. ಇವರು ಹೆಂಚು ಹಿಡಿದು ಹೇಳಿದ್ದು ಸರಿ ಎಂದೂ ಗೊತ್ತಿತ್ತು. ಇವೆಲ್ಲ ಗೊತ್ತಿದ್ದೇ ಹೇಳಿದೆ.

"ನಮ್ಮೋರಲ್ಲ. ಟೈಮಾಯ್ತಲ್ಲಪ್ಪ, ಬಿಡು."

ಅವನು ಹಗ್ಗ ಎಳೆದ. ಬಸ್ಸು ತಿರುಗುವಾಗ ಅವರು ಧೂಳಿನಲ್ಲಿ ನಿಂತು, ಎತ್ತಿದ ಕೈಯನ್ನು ಇಳಿಸಿ, ಚೀಲದಲ್ಲಿದ್ದದ್ದು ಒಡೆದಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ನನ್ನನ್ನು ಕಂಡರೋ ಇಲ್ಲವೋ ಹೇಳಲಾರೆ. ಕಂಡರು ಎಂದು ಕೆಲವು ದಿನ ಅನ್ನಿಸುತ್ತದೆ. ಅಂಥ ದಿನ ಊಟ ಚೆನ್ನಾಗಿ ಸೇರುತ್ತದೆ.

ಮುನಿರಾಜು ಅವರೇ, ಎರಡು ಪುಟ ಕೇಳಿದ್ದಿರಿ, ಜಾಸ್ತಿಯಾಗಿದೆ. ಹಾಕುವುದು ಬಿಡುವುದು ನಿಮ್ಮ ಇಷ್ಟ. ಇದರಲ್ಲಿ ನನ್ನ ನೆನಪು ಎಲ್ಲೆಲ್ಲಿ ಸುಳ್ಳು ಹೇಳಿದೆಯೋ ನನಗೇ ಗೊತ್ತಿಲ್ಲ. ಆದರೆ ಆ ಸಂಜೆಯ ಬಗ್ಗೆ ಡೈರಿಯಲ್ಲಿ ನನ್ನ ಕೈಬರಹದಲ್ಲಿ ಒಂದು ಸಾಲಿದೆ. "ಶ್ರೀನಿವಾಸಪುರದಿಂದ ಬಸ್ಸು ಸರಿಯಾದ ಹೊತ್ತಿಗೆ ಹೊರಟಿತು." ಅದರ ಕೆಳಗೆ ಗೆರೆ ಎಳೆದಿದ್ದೇನೆ, ಎರಡು ಸಲ.